ಓಲ್ಮೀರಾಳಿಗೆ ದೋಣಿ ಕಳಿಸಿದ್ದು

ಮುದುಕರಿಗೆ ಒಂದು ಹವ್ಯಾಸ ಇರಬೇಕು ಅನ್ನುತ್ತಾರೆ. ಹಾಗೆ ಅನ್ನುವವರ ಮನಸ್ಸಿನಲ್ಲಿರುವುದು ಹೂವಿನ ಕುಂಡ, ಭಜನೆ, ಹೆಚ್ಚೆಂದರೆ ಕ್ರೋಶಾ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕತ್ತಿ, ಡ್ರ್ಯಾಗನ್, ಹಾರುವ ಕೋಟೆಗಳಿರುವ ಇಂಗ್ಲಿಷ್ ಕಾದಂಬರಿಗೆ ಅದರ ಲೇಖಕ ಬರೆಯದೆ ಬಿಟ್ಟ ಅಧ್ಯಾಯಗಳನ್ನು ತಾನೇ ಬರೆದು ಇಂಟರ್ನೆಟ್ಟಿಗೆ ಹಾಕುತ್ತಾಳೆ ಅಂದರೆ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ 'ಬಿ.ಪಿ. ಚೆಕ್ ಮಾಡಿಸಿದ್ರಾ?' ಎಂದು ವಿಚಾರಿಸುತ್ತಾರೆ. ಮಾಡಿಸಿದ್ದೇನೆ. ನಾರ್ಮಲ್ ಇದೆ. ಈ ಕೆಲಸಕ್ಕೆ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ ಎಂದು ನನಗೆ ಹೇಳಿದವಳು ತಂಗಿಯ ಮೊಮ್ಮಗಳು ಪ್ರಜ್ಞಾ. ಅದಕ್ಕೆ ಮೊದಲು ನಾನು ಅದನ್ನು ಸುಮ್ಮನೆ ಅತ್ತಿಗೆಯ ಕಾಟ ಎಂದು ಕರೆಯುತ್ತಿದ್ದೆ.

ಅತ್ತಿಗೆ ಅಂದರೆ ಗುಲಾಬಿ ಅತ್ತಿಗೆ, ನಮ್ಮ ಯಜಮಾನರ ಅಕ್ಕ. ಕೋಟೇಶ್ವರದ ಈ ಮನೆಗೆ ನಾನು ಮದುವೆಯಾಗಿ ಬಂದಾಗಲೂ ಅವರಿಗೆ ನಾನು 'ಹೆಣೆ', ಅಂದರೆ ಹುಡುಗಿ, ಈಗ ಹಲ್ಲುಸೆಟ್ಟು ಕಟ್ಟಿಸಿಕೊಂಡ ಮೇಲೂ 'ಹೆಣೆ'. ಹೋದ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ಒಂದು ವಾಕರ್ ಕೊಟ್ಟು, 'ದಿನಾ ನಡೆಸಿ, ಈಗ ನಡೆಯದೆ ಕಾಲು ಬಿಗಿದುಹೋದರೆ ಆಮೇಲೆ ಹಾಸಿಗೆಯೇ ಗತಿ' ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಹೆದರಿದವಳು ನಾನು. ಅತ್ತಿಗೆ ಹೆದರಲಿಲ್ಲ, ಏಳಲೂ ಇಲ್ಲ. 'ನಾನ್ ನಡ್ದ್ ಯಾವ ರಾಜ್ಯ ಗೆಲ್ಕ್?' ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಒಂದು ಕಾಲದಲ್ಲಿ ಇಡೀ ಪೇಟೆಯನ್ನು ಕಾಲಲ್ಲೇ ಅಳೆದ ಹೆಂಗಸು! ಆ ಬೆನ್ನನ್ನು ನೋಡಿ ನನಗೆ ಅಳುವೇ ಬಂತು. ಮನೆಯಲ್ಲಿ ನನ್ನ ಜೊತೆ ಜಗಳವಾಡಲು ಉಳಿದವರು ಅವರೊಬ್ಬರೇ.

ಮನಸ್ಸು ಬೇರೆ ಕಡೆ ತಿರುಗಲಿ ಎಂದು ಮಧ್ಯಾಹ್ನದ ಹೊತ್ತು ಕಥೆ ಹೇಳತೊಡಗಿದೆ. ರಾಮಾಯಣ ಶುರು ಮಾಡಿದರೆ ನನಗಿಂತ ಮುಂದೆ ಅವರೇ ಹೇಳಿಬಿಡುತ್ತಿದ್ದರು. ಹಾಗಾಗಿ ಪ್ರಜ್ಞಾ ಓದಿ ನಮ್ಮ ಕಪಾಟಿನಲ್ಲಿ ಬಿಟ್ಟುಹೋದ ತಲೆದಿಂಬಿನಷ್ಟು ದಪ್ಪದ ಫ್ಯಾಂಟಸಿ ಪುಸ್ತಕಗಳನ್ನು ಕೈಗೆತ್ತಿಕೊಂಡೆ. ರಾಜ್ಯ ಕಳೆದುಕೊಂಡ ರಾಜಕುಮಾರ, ಅವನ ಬೆನ್ನು ಹತ್ತಿದ ಮಂತ್ರವಾದಿ, ಮಧ್ಯೆ ಬೆಂಕಿ ಉಗುಳುವ ಜೀವಿಗಳು. ನಾನು ಓದಿ ಓದಿ ಕನ್ನಡದಲ್ಲಿ ಹೇಳುವುದು, ಅತ್ತಿಗೆ ಕಣ್ಣು ಮುಚ್ಚಿ ಕೇಳುವುದು. ಅವರಿಗೆ ಡ್ರ್ಯಾಗನ್ ಹಿಡಿಸಲಿಲ್ಲ. 'ಅಷ್ಟ್ ದೊಡ್ ಪ್ರಾಣಿ, ಎಂತ ತಿಂತ್ ಅಂದ್ ಬರಿಲಿಲ್ಯಲೆ' ಎಂಬುದು ಅವರ ತಕರಾರು. ಹಿಡಿಸಿದ್ದು ಓಲ್ಮೀರಾ ಎಂಬ ಮುದುಕಿ, ರಾಜಕುಮಾರನನ್ನು ಎತ್ತಿ ಆಡಿಸಿ ಸಾಕಿದ ದಾದಿ. ಅತ್ತಿಗೆಯ ಬಾಯಲ್ಲಿ ಅವಳು ಎರಡೇ ದಿನದಲ್ಲಿ ಮೀರಕ್ಕ ಆದಳು.

ಮೂರನೆಯ ಪುಸ್ತಕದಲ್ಲಿ ಶತ್ರುಗಳು ಅಟ್ಟಿಸಿಕೊಂಡು ಬರುತ್ತಾರೆ. ಸೈನ್ಯ ಹೊಳೆ ದಾಟಬೇಕು. ಕೊನೆಯ ದೋಣಿಯಲ್ಲಿ ಜಾಗ ಇಲ್ಲ. ರಾಜಕುಮಾರ ಓಲ್ಮೀರಾಳ ಕೈ ಹಿಡಿದು, 'ಇಲ್ಲೇ ಇರು, ದೋಣಿ ವಾಪಸ್ ಕಳಿಸುತ್ತೇನೆ' ಅನ್ನುತ್ತಾನೆ. ಅಷ್ಟೇ. ಆಮೇಲೆ ಮತ್ತೂ ಮೂರು ಪುಸ್ತಕ ಉಂಟು. ಯುದ್ಧ ಉಂಟು, ಮದುವೆ ಉಂಟು, ಪಟ್ಟಾಭಿಷೇಕ ಉಂಟು. ಓಲ್ಮೀರಾ ಮಾತ್ರ ಇಲ್ಲ. ಲೇಖಕ ಮಹಾಶಯ ಅವಳನ್ನು ಮರೆತೇಬಿಟ್ಟಿದ್ದಾನೆ.

'ಮೀರಕ್ಕಂಗೆ ಎಂತ ಆಯ್ತ್?' ಪಟ್ಟಾಭಿಷೇಕದ ಮಧ್ಯದಲ್ಲಿ ಅತ್ತಿಗೆ ಕಣ್ಣು ಬಿಟ್ಟರು.

'ಬರೆದಿಲ್ಲ ಅತ್ತಿಗೆ.'

'ಬರಿಲಿಲ್ಲ ಅಂದ್ರೆ ಎಂತ? ಅವ್ಳ್ ಇನ್ನೂ ಹೊಳಿ ಬದಿಯಂಗೆ ಕೂಕಂಡಿದ್ಲಾ? ಸಾಕಿದ್ ಹೆಂಗ್ಸಿನ್ ಬಿಟ್ಟಿಕ್ಕಿ ಹೋದವ ರಾಜ ಆದ್ನಂಬ್ರು! ಕಾಣ್ ಹೆಣೆ, ಮೀರಕ್ಕ ಹೊಳಿ ದಾಟ್ದ್ ಮೇಲೆ ನಾನ್ ಅಂಗಳ ದಾಟ್ತೆ. ಅಲ್ಲಿ ವರೆಗೆ ಕರಿಬೇಡ.'

ಅವರು ಹಾಗೆ ಅಂದರೆ ಅಂದದ್ದೇ. ಈ ಹಟದ ಮುಂದೆ ಡಾಕ್ಟರೂ ಇಲ್ಲ, ದೇವರೂ ಇಲ್ಲ. ಆದರೆ ಕಾನ್ವೆಂಟಿನಲ್ಲಿ ಕಾಂಪೊಸಿಷನ್ ಬರೆಸುತ್ತಿದ್ದ ಸಿಸ್ಟರ್ ನಮಗೂ ಒಂದು ಹಟ ಕಲಿಸಿದ್ದರು: ಶುರು ಮಾಡಿದ್ದನ್ನು ಮುಗಿಸಬೇಕು. ಆ ಕ್ಲಾಸಿನ ಚಾಕ್ ಪೀಸಿನ ವಾಸನೆ, ಕಿಟಕಿಯಾಚೆಯ ಬಾದಾಮಿ ಮರ, ಮುದ್ದಾಗಿ ಬರೆದ ನನ್ನ ಪುಟವನ್ನು ಸಿಸ್ಟರ್ ಎತ್ತಿ ತೋರಿಸಿದ್ದು, ಎಲ್ಲ ಒಮ್ಮೆಗೇ ನೆನಪಾಯಿತು. ಆಗ ಬಿಟ್ಟ ಬರವಣಿಗೆ. ಅವತ್ತೇ ತೀರ್ಮಾನಿಸಿದೆ, ಲೇಖಕ ಕಳಿಸದ ದೋಣಿಯನ್ನು ನಾನು ಕಳಿಸುತ್ತೇನೆ. ಬೆಳಿಗ್ಗೆ ಇಂಗ್ಲಿಷಿನಲ್ಲಿ ಬರೆಯುವುದು, ಮಧ್ಯಾಹ್ನ ಅತ್ತಿಗೆಗೆ ಕನ್ನಡದಲ್ಲಿ ಹೇಳುವುದು, ಪ್ರಜ್ಞಾ ಅದನ್ನು ತನ್ನಂಥವರು ಸೇರುವ ಯಾವುದೋ ಸೈಟಿಗೆ ಏರಿಸುವುದು. ಅತ್ತಿಗೆಯ ಜೊತೆ ಒಂದು ಡೀಲ್ ಕೂಡ ಆಯಿತು: ವಾಕರ್ ಹಿಡಿದು ಕಿಟಕಿಯವರೆಗೆ ನಡೆದರೆ ಮಾತ್ರ ಕಥೆ ಮುಂದುವರಿಯುತ್ತದೆ. ವಾಕರಿಗೆ ಅವರು 'ದೋಣಿ' ಎಂದು ಹೆಸರಿಟ್ಟರು.

ನನ್ನ ಓಲ್ಮೀರಾ ಬಂಡೆಯ ಮೇಲೆ ಕುಳಿತು ಕಾಯುತ್ತಿದ್ದಳು. ಬೆಳದಿಂಗಳಲ್ಲಿ ನೀರು ನೋಡುತ್ತಿದ್ದಳು. ತೊಟ್ಟಿಲು, ಜೋಗುಳ, ಕಳೆದುಹೋದ ಯೌವನ ಎಲ್ಲ ನೆನೆಯುತ್ತಿದ್ದಳು. ಬರೆಯುವಾಗ ನನಗೇ ಕಣ್ಣು ತುಂಬುತ್ತಿತ್ತು. ಅತ್ತಿಗೆಗೆ ತುಂಬಲಿಲ್ಲ.

'ಇವತ್ತೂ ಕೂಕಂಡೇ ಇದ್ಲಾ?'

'ಕಾಯುವುದರಲ್ಲೂ ಒಂದು ಡಿಗ್ನಿಟಿ ಇರುತ್ತದೆ ಅತ್ತಿಗೆ.'

'ಡಿಗ್ನಿಟಿ ಹೊಳಿಗ್ ಹಾಕ್. ಅವ್ಳಿಗ್ ಬಾಯ್ ಇಲ್ಯಾ? ಹ್ವಾಯ್ ಅಂದ್ ಕರುಕ್ ಆತಿಲ್ಯಾ?'

ಇಲ್ಲಿ ಒಂದು ಮಾತು ಹೇಳಬೇಕು. ಸೇತುವೆಗಳಾಗುವ ಮೊದಲು ನಮ್ಮಲ್ಲಿ ಹೊಳೆ ದಾಟಲು ದೋಣಿಯೇ ಗತಿ. ದೋಣಿ ಆಚೆ ದಡದಲ್ಲಿದ್ದರೆ ಈಚೆ ನಿಂತು 'ಹ್ವಾಯ್' ಎಂದು ಕೂಗಬೇಕು. ಕೂಗು ಕೇಳಿದ ಮೇಲೆ ದೋಣಿಯವ ಉಣ್ಣುತ್ತಿದ್ದರೂ ಕೈ ತೊಳೆದು ಬರಬೇಕು, ಕೂಗಿದವರು ಯಾರೆಂದು ಕೇಳುವಂತಿಲ್ಲ. ಅದು ಹೊಳೆಬದಿಯ ಕಟ್ಟಳೆ. ನಾನೂ ಶಾಲೆಗೆ ಹಾಗೇ ದಾಟಿದವಳು. ಆದರೆ ಒಂದು ದಿನವೂ ಕೂಗಿದವಳಲ್ಲ. ಲೇಡೀಸ್ ಡೋಂಟ್ ಶೌಟ್ ಎಂದು ಸಿಸ್ಟರ್ ಹೇಳಿದ್ದರಲ್ಲ! ಕೊಡೆ ಹಿಡಿದು, ಬಿಳಿ ಸಾಕ್ಸು ಒದ್ದೆ ಮಾಡಿಕೊಂಡು, ಬೇರೆ ಯಾರಾದರೂ ಬಂದು ಕೂಗುವವರೆಗೆ ಡಿಗ್ನಿಟಿಯಿಂದ ನಿಲ್ಲುತ್ತಿದ್ದೆ. ಎಷ್ಟು ಫಸ್ಟ್ ಪೀರಿಯಡ್ಡುಗಳು ಆ ದಡದಲ್ಲೇ ಮುಗಿದವೋ. ಅಂಥವಳು ಬರೆದ ಓಲ್ಮೀರಾ ಕೂಗುವುದೆಲ್ಲಿಂದ ಬಂತು?

ಈ ಮಧ್ಯೆ ಯಾವುದೋ ಚಳಿದೇಶದ ಓದುಗನೊಬ್ಬ ಸೈಟಿನಲ್ಲಿ ನನ್ನ ಕಥೆಯ ಕೆಳಗೆ 'ಪ್ಲೀಸ್ ರೆಸ್ಪೆಕ್ಟ್ ದಿ ಒರಿಜಿನಲ್' ಎಂದು ಬರೆದ. ಮೂಲಕ್ಕೆ ಮರ್ಯಾದೆ ಕೊಡಿ ಎಂದು ನನಗೆ ಪಾಠ! ನನಗೆ ಎಲ್ಲಿಲ್ಲದ ಕೋಪ ಬಂತು. ನಮ್ಮ ಕಡೆ ತಾಳಮದ್ದಳೆಗೆ ಕುಳಿತ ಅರ್ಥಧಾರಿ ಪದ್ಯದಲ್ಲಿಲ್ಲದ ಮಾತನ್ನೆಲ್ಲ ಕರ್ಣನ ಬಾಯಲ್ಲಿ ಆಡಿಸುತ್ತಾನೆ, ವ್ಯಾಸರು ಬಂದು ಕಂಪ್ಲೇಂಟ್ ಕೊಟ್ಟಿದ್ದಾರೆಯೇ? 'ಲೇಖಕರು ಮುದುಕಿಯನ್ನು ದಡದಲ್ಲಿ ಬಿಟ್ಟುಹೋದ ಮೇಲೆ ಅವಳನ್ನು ಕರೆತರುವ ಹಕ್ಕು ದೋಣಿ ಇರುವ ಯಾವ ಓದುಗರಿಗೂ ಇದೆ. ಕಥೆ ಯಾರಪ್ಪನ ಸೊತ್ತೂ ಅಲ್ಲ' ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಬಹಳ ಜನ ಮೆಚ್ಚಿದರು ಎಂದು ಪ್ರಜ್ಞಾ ಹೇಳಿದಳು. ನಾನು ಎರಡು ದಿನ ಎದೆ ಉಬ್ಬಿಸಿಕೊಂಡು ತಿರುಗಿದೆ.

ಮೂರನೆಯ ದಿನ ಮಧ್ಯಾಹ್ನ ಕಥೆ ಹೇಳಲು ಬಂದರೆ ಹಾಸಿಗೆ ಖಾಲಿ. ವಾಕರ್ ಗೋಡೆಗೆ ಒರಗಿ ನಿಂತಿದೆ, ಅತ್ತಿಗೆ ಇಲ್ಲ. ಬಚ್ಚಲು ನೋಡಿದೆ, ಹಿತ್ತಲು ನೋಡಿದೆ. ಬಾವಿಯೊಳಗೂ ಇಣುಕಿದೆ. ಅಂಗಳದ ನಡುವೆ ನಿಂತೆ. ಎದೆಯೊಳಗಿಂದ ಅದೇನು ಎದ್ದು ಬಂತೋ, ಸಿಸ್ಟರೂ ಇಲ್ಲ, ಡಿಗ್ನಿಟಿಯೂ ಇಲ್ಲ, 'ಹ್ವಾಯ್! ಗುಲಾಬಿ ಅತ್ತಿಗೇ!' ಎಂದು ಕಿರುಚಿದೆ. ತೆಂಗಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು.

'ಹ್ವಾಯ್!' ಪಕ್ಕದ ಮನೆಯಿಂದ ಉತ್ತರ ಬಂತು. 'ಇಲ್ಲಿದ್ದೆ ಮರಾಯ್ತಿ. ಬಪ್ಪತ್ತಿಗೆ ಗೋಡಿ ಹಿಡ್ಕಂಡ್ ಬಂದೆ, ವಾಪಸ್ ಹೋಪುಕ್ ಆತಿಲ್ಲೆ. ದೋಣಿ ತಕಂಡ್ ಬಾ!'

ವಾಕರ್ ಎತ್ತಿಕೊಂಡು ಓಡಿದೆ. ಮೀನು ವ್ಯಾಪಾರದ ಸುಶೀಲೆಯ ಜಗಲಿಯಲ್ಲಿ ಅತ್ತಿಗೆ ಕಾಲು ಚಾಚಿ ಕುಳಿತಿದ್ದರು. ಸುಶೀಲೆ ಬುಟ್ಟಿ ತೊಳೆಯುವುದನ್ನೂ ಬಿಟ್ಟು ಬಾಯಿ ತೆರೆದು ಕೇಳುತ್ತಿದ್ದಳು. ಕಥೆ ಮೀರಕ್ಕನದೇ. ಆದರೆ ಎಂಥ ಕಥೆ! ನನ್ನ ಬಂಡೆ ಇಲ್ಲ, ಬೆಳದಿಂಗಳಿಲ್ಲ. ಮೀರಕ್ಕ ಬುತ್ತಿ ಬಿಚ್ಚಿ ಉಂಡು, ಬಾಯಿ ಮುಕ್ಕಳಿಸಿ, 'ಹ್ವಾಯ್' ಎಂದು ಕೂಗಿದಳಂತೆ. ಬಲೆ ಬೀಸುತ್ತಿದ್ದ ದೋಣಿಯೊಂದು ಬಂತಂತೆ. ಸೀದಾ ಪಟ್ಟಾಭಿಷೇಕಕ್ಕೆ ಹೋಗಿ ಎಲ್ಲರೆದುರು ರಾಜನ ಕಿವಿ ಹಿಂಡಿದಳಂತೆ.

'ಕಥಿ ಭಾರೀ ಲಾಯ್ಕಿತ್ ಅಮ್ಮ' ಎಂದು ಮೆಚ್ಚಿಕೊಂಡಳು ಸುಶೀಲೆ.

ಅತ್ತಿಗೆ ಅಂಗಳ ದಾಟಿದ್ದಾರೆ ಎಂಬುದು ಆಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. 'ಅತ್ತಿಗೆ, ಅದು ಹಾಗಲ್ಲ! ನಾನು ಬರೆದದ್ದು ಬೇರೆ! ಪ್ಲೀಸ್ ರೆಸ್ಪೆಕ್ಟ್ ದಿ ಒರಿಜಿನಲ್' ಎಂದುಬಿಟ್ಟೆ.

ಅತ್ತಿಗೆಗೆ ಇಂಗ್ಲಿಷ್ ಬಾರದು, ಆದರೆ ನನ್ನ ಮುಖ ಓದಲು ಬರುತ್ತದೆ. 'ನಿಂಗ್ ಯಾಕ್ ಉರಿ? ನೀನೇನ್ ಹೆತ್ತದ್ದಾ ಮೀರಕ್ಕನ್ನ?' ಎಂದು ವಾಕರ್ ಹಿಡಿದು ಎದ್ದು, ನನ್ನನ್ನು ಹಿಂದೆ ಬಿಟ್ಟು ಮನೆಯ ಕಡೆ ಹೊರಟರು. ಆ ನಡಿಗೆಯನ್ನು ಹಿಂದಿನಿಂದ ನೋಡಿದಾಗಲೇ ನನ್ನ ಕಣ್ಣು ಮಂಜಾದದ್ದು.

ಸಂಜೆ ಕುಳಿತು ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದೆ. ಬೆಳದಿಂಗಳು ತೆಗೆದೆ, ಬುತ್ತಿ ಸೇರಿಸಿದೆ, ರಾಜನ ಕಿವಿ ಹಿಂಡಿಸಿದೆ. 'ಹ್ವಾಯ್' ಮಾತ್ರ ಇಂಗ್ಲಿಷಿಗೆ ಬರಲಿಲ್ಲ, ಹಾಗೇ ಬಿಟ್ಟೆ. ಚಳಿದೇಶದ ಮಹಾಶಯನೇ ಈಗ ಇದು ಮೂಲಕ್ಕಿಂತ ಚೆನ್ನಾಗಿದೆ, ನಿಮಗೆ ಇದೆಲ್ಲ ಹೇಗೆ ಹೊಳೆಯುತ್ತದೆ ಎಂದು ಕೇಳಿದ್ದಾನೆ. ಸುಮ್ಮನೆ ಥ್ಯಾಂಕ್ಯೂ ಎಂದು ಬರೆದಿದ್ದೇನೆ. ಅತ್ತಿಗೆಗೆ ಇಂಗ್ಲಿಷ್ ಬಾರದು ಎಂಬುದೊಂದೇ ಧೈರ್ಯ.