ಎತ್ವದ ಪಾಠ

ಬೋರ್ಡು ಬರೆಯುವ ಗೊತ್ತಪ್ಪನಿಗೆ ಹಲ್ಲುನೋವು ಬಂದದ್ದರಿಂದ ಬೀದಿಗೆಲ್ಲ ದೊಡ್ಡ ಉಪಕಾರವಾಯಿತು. ಅವನ ಬಾಯಿ ಮುಚ್ಚಿತು.

ಗೊತ್ತಪ್ಪ ಅಡ್ಡಹೆಸರು. ಯಾರು ಏನು ಹೇಳಹೊರಟರೂ ಅರ್ಧಕ್ಕೇ ತಡೆದು "ಗೊತ್ತು ಗೊತ್ತು" ಅನ್ನುವವನಿಗೆ ಬೇರೆ ಹೆಸರು ಯಾಕೆ? ಹೋದ ವಾರ ಹಾಲಿನ ಅಂಗಡಿಗೆ "ಇಲ್ಲಿ ಶುದ್ಧ ಹಾಳು ಸಿಗುತ್ತದೆ" ಎಂದು ಬರೆದುಕೊಟ್ಟಿದ್ದ. ಅಂಗಡಿಯವನು "ಅಣ್ಣಾ, ಅಲ್ಲಿ ಳ ಅಲ್ಲ..." ಎಂದು ರಾಗ ಎಳೆದರೆ, "ಗೊತ್ತು ಗೊತ್ತು, ಬಣ್ಣ ಒಣಗಲಿ, ಸರಿಹೋಗುತ್ತೆ" ಎಂದು ಏಣಿ ಹೆಗಲಿಗೇರಿಸಿ ನಡೆದಿದ್ದ. ಬಣ್ಣ ಒಣಗಿತು. ವ್ಯಾಪಾರವೂ ಒಣಗಿತು.

ಈಗ ಎಡಗಡೆ ದವಡೆಯಲ್ಲಿ, ಕೆಳಗಿನ ಸಾಲಿನ ಹಲ್ಲೊಂದು ಮೂರು ದಿನದಿಂದ ಜೀವ ಹಿಂಡುತ್ತಿತ್ತು. ದೊಡ್ಡ ಬೀದಿಯಲ್ಲಿ ಹೊಸ ಹಲ್ಲಿನ ಡಾಕ್ಟರು ಅವತ್ತೇ ಸಂಜೆ ಅಂಗಡಿ ತೆರೆಯುವವನಿದ್ದ. ಆಗಷ್ಟೇ ಓದು ಮುಗಿಸಿದ ಹುಡುಗ. "ನೀವು ಬೋರ್ಡು ಚೆನ್ನಾಗಿ ಬರೆದುಕೊಡಿ, ಮೊದಲನೇ ಹಲ್ಲು ನಿಮ್ಮದೇ, ಪುಕ್ಕಟೆ" ಎಂದು ಮಾತು ಕೊಟ್ಟಿದ್ದ.

ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ನೋಡ್ರೀ, ಜೀವನ ಪಾಠ ಹೇಳಿಕೊಡೋಕೆ ಬಂದಾಗೆಲ್ಲ ನೀವು 'ಗೊತ್ತು' ಅಂತ ಬಾಗಿಲು ಹಾಕ್ತೀರಿ. ಇವತ್ತು ಹೇಗೂ ಮಾತಾಡೋಕೆ ಆಗಲ್ಲ. ನಾಲ್ಕು ಜನ ಹೇಳಿದ್ದನ್ನ ಕಿವಿಗೆ ಹಾಕ್ಕೊಳ್ಳಿ. ಈ ಬೋರ್ಡೂ ಕೆಟ್ಟರೆ ಡಾಕ್ಟರು ನಿಮ್ಮ ಹಲ್ಲು ಮುಟ್ಟೋದಿಲ್ಲ."

ಆ ನೋವಿನಲ್ಲಿ ಅವನಿಗೆ ಹೆಂಡತಿಯ ಮಾತು ಕೂಡ ಸರಿಯೆನ್ನಿಸಿತು. ಇವತ್ತು ಯಾರು ಏನು ಹೇಳಿದರೂ ಕಲಿಯುವುದೇ ಸೈ ಎಂದುಕೊಂಡ.

ಡಾಕ್ಟರು ಹೇಳಿಕೊಟ್ಟ ವಾಕ್ಯ ಸರಳವಾಗಿತ್ತು. ಗೊತ್ತಪ್ಪ ಏಣಿ ಹತ್ತಿ, ನೀಲಿ ಬಣ್ಣದಲ್ಲಿ ಗುಂಡಗೆ ಬರೆದ: "ನೋವಿಲ್ಲದೆ ಹಲ್ಲು ಕೀಳಲಾಗುವುದು." ತನಗೇ ಮೆಚ್ಚಿಗೆಯಾಯಿತು. ಅಷ್ಟರಲ್ಲಿ ಕೆಳಗಿನಿಂದ ಕೆಮ್ಮು ಕೇಳಿಸಿತು. ನಿವೃತ್ತ ಮೇಷ್ಟ್ರು, ಕಂಕುಳಲ್ಲಿ ಕೊಡೆ.

"ಏನಪ್ಪಾ, ಕೀಳಲಾಗುವುದು ಅಂದ್ರೆ? ಯಾರಿಂದ? ಕರ್ತೃವೇ ಇಲ್ಲ! ನಾಳೆ ಬೀದಿಯಲ್ಲಿ ಹೋಗೋನು ಬಂದು ಕಿತ್ತರೆ?"

ಬೇರೆ ದಿನವಾಗಿದ್ದರೆ ಗೊತ್ತಪ್ಪ ಮೇಷ್ಟ್ರನ್ನು ಕೊಡೆಸಮೇತ ಓಡಿಸುತ್ತಿದ್ದ. ಇವತ್ತು ತಲೆಯಾಡಿಸಿದ. ಬಟ್ಟೆಯಲ್ಲಿ ಒರೆಸಿ, ಹೊಸದಾಗಿ ಬರೆದ: "ವೈದ್ಯರು ನೋವಿಲ್ಲದೆ ಹಲ್ಲು ಕೀಳುವರು." ಮೇಷ್ಟ್ರು "ಭೇಷ್!" ಎಂದು ಕಾಫಿ ಕುಡಿಯಲು ಹೋದರು.

ಎದುರು ಅಂಗಡಿಯ ಟೈಲರ್ ಅಕ್ಕ ಹೊಲಿಗೆ ನಿಲ್ಲಿಸಿ ಹೊರಗೆ ಬಂದಳು. ಓದಿದಳು. ಬಿದ್ದು ಬಿದ್ದು ನಕ್ಕಳು.

"ಅಲ್ವೋ ತಮ್ಮಾ, ವೈದ್ಯರು ನೋವಿಲ್ಲದೆ ಕೀಳ್ತಾರಂತೆ! ಕೀಳೋರಿಗೆ ಯಾಕಪ್ಪಾ ನೋವಾಗುತ್ತೆ? ನಾನು ಸೂಜಿ ಚುಚ್ಚಿದರೆ ನನಗೆ ನೋವಾಗುತ್ತಾ? ಆ ವೈದ್ಯರನ್ನ ತೆಗಿ ಅಲ್ಲಿಂದ."

ಹೌದಲ್ಲ! ತಾನಿಷ್ಟು ವರ್ಷ ಇಂಥ ಬುದ್ಧಿವಂತರ ನಡುವೆ ಕಿವಿ ಮುಚ್ಚಿಕೊಂಡು ಬದುಕಿದೆನಲ್ಲ ಎಂದು ಗೊತ್ತಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. ವೈದ್ಯರನ್ನು ಒರೆಸಿ, ಕೊನೆಗೆ ಮತ್ತೆ ಮೊದಲಿನಂತೆ "ಕೀಳಲಾಗುವುದು" ಎಂದೇ ಬರೆದ. ನಡುನಡುವೆ ನೋವು ಒತ್ತಿಬಂದಾಗ ಬಣ್ಣದ ಕೈಯನ್ನೇ ಕೆನ್ನೆಗೆ ಒತ್ತಿಕೊಂಡ. ಕಣ್ಣಿನ ಕೆಳಗೆ ಕೆನ್ನೆಯೆಲ್ಲ ನೀಲಿಯಾದದ್ದು ಅವನಿಗೆ ತಿಳಿಯಲಿಲ್ಲ.

ಕಾಫಿ ಮುಗಿಸಿ ಬಂದ ಮೇಷ್ಟ್ರಿಗೆ ತಮ್ಮ ಕರ್ತೃ ಮಾಯವಾದದ್ದು ನೋಡಿ ಮುಖ ಸಣ್ಣದಾಯಿತು. ಏನಾದರೊಂದು ತಪ್ಪು ಹುಡುಕದೆ ಅವರಿಗೆ ಮಧ್ಯಾಹ್ನದ ಊಟ ಸೇರುವಂತಿರಲಿಲ್ಲ. ಕನ್ನಡಕ ಏರಿಸಿದರು.

"ಹಲ್ಲು ಏನಪ್ಪಾ? ನಾಮಪದ. ಅದರ ಹಿಂದೆ ಏನು ಬರಬೇಕು? ವಿಶೇಷಣ. ಬಿಳಿಯ ಹಲ್ಲು. ಮುರಿದ ಹಲ್ಲು. ಹಾಗೇ ನೋವಿಲ್ಲದ ಹಲ್ಲು! 'ನೋವಿಲ್ಲದೆ ಹಲ್ಲು' ಅಂದ್ರೆ ಯಾವ ಸೀಮೆ ಕನ್ನಡ? ಆ ದೆ ಮೇಲಿರೋ ಎತ್ವ ಕಿತ್ತುಹಾಕು, ತಲಕಟ್ಟು ಕೊಡು."

ಎತ್ವ ಹೋಯಿತು. ತಲಕಟ್ಟು ಬಂತು. "ನೋವಿಲ್ಲದ ಹಲ್ಲು ಕೀಳಲಾಗುವುದು." ಗೊತ್ತಪ್ಪ ಏಣಿಯಿಂದಿಳಿದು ಮೇಷ್ಟ್ರಿಗೆ ಕೈ ಮುಗಿದ.

ಸಂಜೆ ಸೊಸೆಯ ಕೈ ಹಿಡಿದು ಅಜ್ಜಿಯೊಬ್ಬಳು ಬಂದಳು. ಸೊಸೆ ಬೋರ್ಡು ಓದಿ ಹೇಳಿದಳು. ಅಜ್ಜಿ ಗಕ್ಕನೆ ನಿಂತಳು.

"ನಂದು ನೋಯೋ ಹಲ್ಲು ಕಣೇ. ಇಲ್ಲಿ ಆಗಲ್ಲ, ನಡಿ."

ಅವಳ ಹಿಂದೆ ಬರುತ್ತಿದ್ದ ಗಟ್ಟಿಮುಟ್ಟಾದ ಆಸಾಮಿಯೊಬ್ಬ ಬೋರ್ಡು ಓದಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಹಾರಿದ. ಒಳಗಿನಿಂದ ಡಾಕ್ಟರು ಓಡಿಬಂದು ಬೋರ್ಡು ನೋಡಿದ. ಮುಖ ಕೆಂಪಗಾಯಿತು.

"ಯಾರ್ರೀ ಹೀಗೆ ಬರೆಯೋಕೆ ಹೇಳಿದ್ದು?"

ಗೊತ್ತಪ್ಪ, ಹೊಸ ಅಂಗಡಿ ನೋಡಲು ಬಂದು ನಿಂತಿದ್ದ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿ ಮುಖ ಮರೆಸಿಕೊಂಡರು. ಟೈಲರ್ ಅಕ್ಕನ ಮಿಷನ್ನು ಇದ್ದಕ್ಕಿದ್ದಂತೆ ಜೋರಾಗಿ ಓಡತೊಡಗಿತು. ಮುಗಿಯಿತು ಕತೆ, ಇನ್ನು ಈ ಹಲ್ಲಿನ ಜೊತೆಗೇ ಸಾಯಬೇಕು ಎಂದು ಗೊತ್ತಪ್ಪನಿಗೆ ಅಳುವೇ ಬಂತು.

ಡಾಕ್ಟರು ಅವನ ಮುಖ ನೋಡಿ ಕರಗಿದ. "ಅಯ್ಯಯ್ಯೋ, ಇದೇನ್ರೀ ಇಷ್ಟು ನೀಲಿಗಟ್ಟಿದೆ! ಬೋರ್ಡು ಆಮೇಲೆ. ಮೊದಲು ಒಳಗೆ ಬನ್ನಿ."

ಕುರ್ಚಿಯಲ್ಲಿ ಕೂರಿಸಿ ದೀಪ ಹಾಕಿದ. "ಬಾವು ಕಣ್ಣಿನವರೆಗೂ ಹತ್ತಿದೆ. ಮೇಲಿನ ಹಲ್ಲೇ, ಅನುಮಾನವಿಲ್ಲ."

ಅದು ಕೆಳಗಿನದು ಎನ್ನಲು ಗೊತ್ತಪ್ಪ ಬಾಯಿ ತೆರೆದ. ಆಗ ಹೆಂಡತಿ ನೆನಪಾದಳು. ಓದಿದವರು ಇವರೋ ನಾನೋ? ಇಲ್ಲೂ ನನಗೆ ಗೊತ್ತು ಅಂದರೆ ಇಡೀ ದಿನ ಕಲಿತು ಏನು ಪ್ರಯೋಜನ? ತೆರೆದ ಬಾಯನ್ನು ಹಾಗೇ ಬಿಟ್ಟು ಕಣ್ಣು ಮುಚ್ಚಿದ.

ಸೂಜಿ ಚುಚ್ಚಿದ್ದಷ್ಟೇ ಗೊತ್ತು. ಅರ್ಧ ಮುಖ ಮರಗಟ್ಟಿತು. ಎಲ್ಲೋ ದೂರದಲ್ಲಿ ಗೂಟ ಕಿತ್ತಂತಾಯಿತು. "ಆಯ್ತು ಏಳಿ" ಎಂದ ಡಾಕ್ಟರು.

ಗೊತ್ತಪ್ಪನಿಗೆ ನಂಬಲಿಕ್ಕೇ ಆಗಲಿಲ್ಲ. ನೋವಿಲ್ಲ! ಮೂರು ದಿನದ ಆ ಹಿಂಸೆ ಮಾಯ! ಕೇಳಿ ನಡೆದರೆ ಎಷ್ಟು ಸುಖವಪ್ಪಾ ಈ ಜೀವನ ಎಂದು ಕಣ್ಣಲ್ಲಿ ನೀರು ತುಂಬಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಯಾರೂ ಹೇಳದೆ, ಏಣಿ ಹತ್ತಿದ. ತಲಕಟ್ಟು ಒರೆಸಿದ. ದ ಮೇಲೆ ಎತ್ವವನ್ನು ಭಕ್ತಿಯಿಂದ ಎಳೆದ. ನೋವಿಲ್ಲದೆ. ಆಹಾ, ಅಕ್ಷರ ಅಕ್ಷರವೂ ನಿಜ!

ದಾರಿಯಲ್ಲಿ ಹೋಗುವವರಿಗೂ ಚೆನ್ನಾಗಿ ಕಾಣಲೆಂದು ಇನ್ನೊಂದು ಸುತ್ತು ಬಣ್ಣ ಕೊಟ್ಟ. ಆಮೇಲೆ ಒಂದು ಹೆಜ್ಜೆ ಇಳಿದು ನಿಂತು ನೋಡಿದ. ನೋಡುತ್ತ ನೋಡುತ್ತ ಮುಖದ ಜೋಮು ಬಿಡತೊಡಗಿತು. ಮೊದಲು ತುಟಿ ಜುಮ್ಮೆಂದಿತು. ಆಮೇಲೆ ದವಡೆಯ ಬುಡದಲ್ಲಿ, ಅದೇ ಹಳೆಯ ಜಾಗದಲ್ಲಿ, ಅದೇ ಹಳೆಯ ಕುಟುಕು.

ಗೊತ್ತಪ್ಪ ಮೆಲ್ಲಗೆ ನಾಲಗೆ ಹೊರಳಿಸಿದ. ಗುಳಿ ಮೇಲಿತ್ತು. ನೋವು ಕೆಳಗಿತ್ತು.

ಬೋರ್ಡನ್ನೊಮ್ಮೆ ನೋಡಿ, ಇಳಿದ ಹೆಜ್ಜೆಯನ್ನು ಮತ್ತೆ ಹತ್ತಿದ. ಆಮೇಲೆ ಒರೆಸುವ ಬಟ್ಟೆ ಕೈಗೆತ್ತಿಕೊಂಡು, ಹಸಿಹಸಿಯಾಗಿದ್ದ ಎತ್ವವನ್ನು ತಿಕ್ಕತೊಡಗಿದ.

"ಏನ್ರೀ, ಸರಿಯಾಗಿರೋದನ್ನ ಯಾಕೆ ಅಳಿಸ್ತಿದ್ದೀರಿ?" ಕೆಳಗಿನಿಂದ ಡಾಕ್ಟರು ಕೂಗಿದ.

"ತಪ್ಪಾಗಿದೆ ಡಾಕ್ಟ್ರೇ," ಎಂದ ಗೊತ್ತಪ್ಪ ಕೆನ್ನೆ ಹಿಡಿದುಕೊಂಡು. "ಮೇಷ್ಟ್ರು ಹೇಳಿದ್ದೇ ಸರಿ."