ಕುಸಿದ ಹಿಂಬದಿಯ ತನಿಖೆ

ಕ್ಲ್ಯಾರಿ ಪೆನ್‌ಹೇಲ್ ಗುರುವಾರ ಬೆಳಿಗ್ಗೆ ತೀರಿಕೊಂಡ. ಹೃದಯ ನಿಂತಿತು. ಎಪ್ಪತ್ತನಾಲ್ಕು ವರ್ಷ.

ಫೋನ್ ಬಂದಾಗ ಅವನ ಗೆಳೆಯ ಲಿಂಡ್ಸೆ ಟ್ರೆವರೋ ಊರಿನಿಂದ ಆರುನೂರು ಚಿಲ್ಲರೆ ಕಿಲೋಮೀಟರ್ ದೂರ, ಸೆಡೂನಾದಲ್ಲಿ, ತನ್ನ ಕ್ಯಾರವಾನ್ ಎಂಬ ಚಕ್ರದ ಮನೆಯ ಪಕ್ಕ ಮಡಿಸುವ ಕುರ್ಚಿಯಲ್ಲಿ ಕೂತಿದ್ದ. ಫೋನನ್ನು ಹೆಂಡತಿ ನೊರೀನಳ ಕೈಗಿಟ್ಟು ಎದ್ದುಹೋಗಿ, ಕ್ಯಾರವಾನನ್ನು ಎಳೆದು ತಂದಿದ್ದ ಫೋರ್‌ವೀಲ್ ಗಾಡಿಯ ಹಿಂಬದಿ ನೋಡುತ್ತ ನಿಂತ. ನೆಟ್ಟಗಿತ್ತು. ನೆಟ್ಟಗೆ ಮಾಡಿದವನು ಕ್ಲ್ಯಾರಿ, ಹೋದ ಶನಿವಾರ. ಆ ಶನಿವಾರದ ಕಥೆ ಲಿಂಡ್ಸೆಯ ಮಾನಕ್ಕೆ ಅಷ್ಟು ಒಳ್ಳೆಯದಲ್ಲ. ಆದರೆ ಕ್ಲ್ಯಾರಿಯನ್ನು ನೆನೆಯಬೇಕಾದರೆ ಬೇರೆ ದಾರಿಯಿಲ್ಲ.

ಕ್ಯಾರವಾನ್ ಕೊಕ್ಕೆಗೆ ಬಿದ್ದ ತಕ್ಷಣ ಲಿಂಡ್ಸೆಯ ಗಾಡಿ ಊಟಕ್ಕೆ ಕಾದ ನಾಯಿಯಂತೆ ಹಿಂಗಾಲು ಮಡಿಸಿ ಕೂತುಬಿಡುತ್ತಿತ್ತು. ದೀಪ ರಸ್ತೆಯನ್ನು ಬಿಟ್ಟು ನೀಲಗಿರಿ ಮರದ ತುದಿಯ ಹಕ್ಕಿಗಳನ್ನು ಎಬ್ಬಿಸುತ್ತಿತ್ತು. ಮುಂದಿನ ಚಕ್ರಗಳಿಗೆ ನೆಲದ ಮೇಲೆ ಆಸಕ್ತಿಯೇ ಉಳಿಯದೆ, ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಗಾಡಿ ಒಂದು ಕ್ಷಣ ಯೋಚಿಸಿ ಹೊರಳುತ್ತಿತ್ತು. ಲಿಂಡ್ಸೆ ದಪ್ಪನೆಯ ಸ್ಪ್ರಿಂಗ್ ತಂದು ಹಾಕಿದ. ಹದಿನೈದು ದಿನ ನೆಟ್ಟಗಿತ್ತು, ಮತ್ತೆ ಕೂತಿತು. ಸ್ಪ್ರಿಂಗ್ ಒಳಗೆ ಗಾಳಿಚೀಲ ತುರುಕಿ ಉಬ್ಬಿಸಿದ. ಒಂದು ವಾರ ನೆಟ್ಟಗಿತ್ತು, ಮತ್ತೆ ಕೂತಿತು.

"ನಿನ್ನ ಪೀಚ್ ಬಾಟಲಿಗಳು!" ಎಂದು ಲಿಂಡ್ಸೆ ಅಪರಾಧಿಯನ್ನು ಘೋಷಿಸಿದ. (ಸೆಡೂನಾದಲ್ಲಿರುವ ತನ್ನ ಅಕ್ಕನ ಎಂಬತ್ತನೇ ಹುಟ್ಟುಹಬ್ಬಕ್ಕೆಂದು ನೊರೀನ್ ಎರಡು ಡಜನ್ ಬಾಟಲಿ ಹಣ್ಣು ಹಾಕಿಟ್ಟಿದ್ದಳು.)

"ಹೌದಪ್ಪಾ, ಪೀಚಲ್ಲಿ ಸೀಸ ತುಂಬಿದೀನಿ. ನೋಡು ಲಿಂಡ್ಸೆ, ನಾಳೆ ಬೆಳಿಗ್ಗೆಯೊಳಗೆ ಇದು ನೆಟ್ಟಗಾಗದಿದ್ರೆ ನಾನು ಬಸ್ಸಿಗೆ ಹೋಗ್ತೀನಿ. ನೀನು ಇಲ್ಲೇ ನಿನ್ನ ಸ್ಪ್ರಿಂಗ್ ಜೊತೆ ಸಂಸಾರ ಮಾಡ್ಕೊಂಡಿರು."

ನಲವತ್ತಾರು ವರ್ಷದಲ್ಲಿ ನೊರೀನ್ ಬಸ್ಸಿನ ಮಾತು ಎತ್ತಿದ್ದು ಇದೇ ಮೊದಲು. ವೇಳಾಪಟ್ಟಿಯನ್ನೂ ಫ್ರಿಜ್ಜಿಗೆ ಅಂಟಿಸಿದ್ದಳು. ಲಿಂಡ್ಸೆ ಹೆದರಿ ಕ್ಲ್ಯಾರಿಗೆ ಫೋನ್ ಮಾಡಿದ.

ಕ್ಲ್ಯಾರಿ ಮೂವತ್ತು ವರ್ಷ ವಾಲರೂ ಬಂದರಿನ ಕಣಜದಲ್ಲಿ ಬಾರ್ಲಿ ಲಾರಿಗಳನ್ನು ತೂಗಿದವನು. ಜಗತ್ತಿನಲ್ಲಿ ಯಾವ ವಸ್ತು ಕಂಡರೂ ಎಷ್ಟು ಭಾರ ಇರಬಹುದು ಎಂಬ ಕುತೂಹಲ ಅವನನ್ನು ಬಿಟ್ಟಿರಲಿಲ್ಲ. ಯಾರದೋ ಮಗುವಿನ ನಾಮಕರಣದಲ್ಲೂ ಮಗುವನ್ನು ಎತ್ತಿ, ಪಾದ್ರಿ ಹೆಸರು ಹೇಳುವ ಮೊದಲೇ ತೂಕ ಹೇಳಿದವನು. ಒಂದು ಕೈಯಲ್ಲಿ ಪೇಸ್ಟಿ ಎಂಬ ಮಾಂಸದ ಕಡುಬು, ಇನ್ನೊಂದರಲ್ಲಿ ಅಳತೆಪಟ್ಟಿ ಹಿಡಿದು ಬಂದ.

"ಯಾಕೆ ಕೂರುತ್ತೆ ಅಂತ ಕೇಳಿದ್ಯಾ ಅದನ್ನ?"

"ಗಾಡಿನ ಏನು ಕೇಳೋದು ಮಾರಾಯ?"

"ಮತ್ತೆ ಕೇಳದೇನೇ ಔಷಧಿ ಹಾಕಿದ್ಯಾ?"

ಕೊಕ್ಕೆ ಬಿಡಿಸಿ ಅಳೆದ, ಹಾಕಿ ಅಳೆದ. ಹಿಂದೆ ಎಂಬತ್ತೈದು ಮಿಲಿಮೀಟರ್ ಇಳಿದಿತ್ತು, ಮುಂದೆ ಮೂವತ್ತು ಏರಿತ್ತು. "ಆಹಾ!" ಎಂದು ಪೇಸ್ಟಿ ಕಚ್ಚಿದ. "ನೊರೀನ್, ನಿಮ್ಮ ಬಚ್ಚಲಮನೆ ತೂಕದ ಯಂತ್ರ ಕೊಡಮ್ಮ."

"ಅದರ ಮೇಲೆ ಗಾಡಿ ಹತ್ತಿಸ್ತೀಯಾ? ನಾನು ಹತ್ತಿದ್ರೇನೇ ಅದು ನರಳುತ್ತೆ."

ಒಂದು ಹಲಗೆ, ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ಯಂತ್ರದ ಮೇಲೆ. ಮೂರರಲ್ಲೊಂದು ಪಾಲು ಮಾತ್ರ ಯಂತ್ರ ಹೊರುವ ಹಾಗೆ ಕ್ಯಾರವಾನಿನ ಮೂತಿಯನ್ನು ಹಲಗೆಯ ಮೇಲೆ ಇಳಿಸಿದ. ಮುಳ್ಳು ನೂರಹತ್ತಕ್ಕೆ ನಿಂತಿತು.

"ಮೂರರಿಂದ ಗುಣಿಸು. ಮುನ್ನೂರ ಮೂವತ್ತು ಕಿಲೋ! ಕೊಕ್ಕೆ ತಡಿಯೋದು ಇನ್ನೂರೈವತ್ತು. ನಾಲ್ಕು ಜನ ನಾದಿನಿಯರನ್ನ ಬಾಲದ ಮೇಲೆ ಕೂರಿಸ್ಕೊಂಡು ಓಡಾಡ್ತಿದೀಯ."

"ಪೀಚ್!" ಎಂದ ಲಿಂಡ್ಸೆ.

ಕ್ಲ್ಯಾರಿ ಇಪ್ಪತ್ತನಾಲ್ಕು ಬಾಟಲಿಗಳನ್ನೂ ಹೊರಗಿಡಿಸಿದ. ಮುಳ್ಳು ಕದಲಲಿಲ್ಲ. ಅವು ಕ್ಯಾರವಾನಿನ ಚಕ್ರಗಳ ನೆತ್ತಿಯ ಮೇಲೇ ಇದ್ದವು. ಆ ಭಾರ ನೇರ ನೆಲಕ್ಕೆ ಹೋಗುತ್ತಿತ್ತು. ನೊರೀನ್ ಒಂದೊಂದೇ ಬಾಟಲಿಯನ್ನು ಗಂಡನ ಮುಖದ ಮುಂದಿನಿಂದಲೇ ಒಳಗೆ ಒಯ್ದಳು. ಇಪ್ಪತ್ತನಾಲ್ಕು ಸಲ.

ಕ್ಲ್ಯಾರಿಯ ಕಣ್ಣು ಈಗ ಕೊಕ್ಕೆಯ ಪಕ್ಕದ ಕಬ್ಬಿಣದ ಪೆಟ್ಟಿಗೆಯ ಮೇಲೆ ಬಿತ್ತು. "ಇದರಲ್ಲಿ?"

"ಅದಾ? ಸಣ್ಣಪುಟ್ಟ ಸಾಮಾನು," ಎಂದ ಲಿಂಡ್ಸೆ, ಅದರ ಮುಂದೆ ನಿಂತುಕೊಳ್ಳುತ್ತ.

ಸಣ್ಣಪುಟ್ಟ ಸಾಮಾನು ಹೊರಬಂತು. ಬಿಚ್ಚಿ ತೆಗೆದ ಹಳೆಯ ಸ್ಪ್ರಿಂಗ್ ಜೋಡಿ. ಹೊಸ ಸ್ಪ್ರಿಂಗ್ ಬಿಗಿಯಲು ಕೊಂಡ ಸಲಕರಣೆ. ಎರಡು ಜಾಕ್. ಗಾಳಿಚೀಲದ ಪಂಪು, ಪಂಪು ಸಾಲದೆಂದು ತಂದ ದೊಡ್ಡ ಪಂಪು, ದೊಡ್ಡ ಪಂಪಿಗೊಂದು ಬ್ಯಾಟರಿ. ಒಟ್ಟು ನೂರಹನ್ನೆರಡು ಕಿಲೋ. ಪ್ರತಿ ರಿಪೇರಿ ಮುಗಿದ ಮೇಲೂ ಲಿಂಡ್ಸೆ ಅದರ ಅವಶೇಷಗಳನ್ನು ಒಂದೊಂದಾಗಿ, ಭಕ್ತಿಯಿಂದ ಅಲ್ಲೇ ಇಡುತ್ತಿದ್ದ.

ಕ್ಲ್ಯಾರಿ ನೆಲದ ಮೇಲೆ ಕೂತೇ ಬಿಟ್ಟ. "ಕುಸಿತ ಸರಿಮಾಡೋ ಸಾಮಾನಿನ ಭಾರಕ್ಕೇ ಕುಸೀತಾ ಇದೆ ಕಣೋ! ಔಷಧಿ ಮೂಟೆ ಹೊತ್ತು ಹೊತ್ತೇ ಸೊಂಟ ನೋವು!"

"ದಾರಿ ಮಧ್ಯೆ ಹೊಸ ಸ್ಪ್ರಿಂಗ್ ಮುರಿದ್ರೆ?"

"ಹಳೇದು ಹಾಕ್ತೀಯಾ? ಕೆಟ್ಟಿದೆ ಅಂತ ತಾನೇ ತೆಗೆದಿದ್ದು?"

ಮತ್ತೆ ತೂಗಿದರು. ಮೂರು ಎಂಬತ್ತಲ ಇನ್ನೂರ ನಲವತ್ತು. ಪೆಟ್ಟಿಗೆಯ ಭಾರದಲ್ಲಿ ತೊಂಬತ್ತು ಕಿಲೋ ಕೊಕ್ಕೆಯ ಮೇಲಿತ್ತು, ಉಳಿದದ್ದನ್ನು ಕ್ಯಾರವಾನಿನ ಚಕ್ರಗಳು ಹೊರುತ್ತಿದ್ದವು. ಕೊಕ್ಕೆ ಹಾಕಿದರೂ ಗಾಡಿ ಎದ್ದೇ ನಿಂತಿತು. ನೊರೀನ್ ಫ್ರಿಜ್ಜಿನಿಂದ ವೇಳಾಪಟ್ಟಿ ಕಿತ್ತಳು.

"ಇದೆಲ್ಲ ನನ್ನ ಶೆಡ್ಡಲ್ಲಿರಲಿ," ಎಂದ ಕ್ಲ್ಯಾರಿ, ಸಾಮಾನನ್ನು ತನ್ನ ಹಳೆಯ ಪಿಕಪ್ಪಿಗೆ ಎತ್ತಿಹಾಕುತ್ತ. "ಇಲ್ಲೇ ಬಿಟ್ರೆ ಬೆಳಗಾಗೋದ್ರೊಳಗೆ ವಾಪಸ್ ಪೆಟ್ಟಿಗೆ ಸೇರಿರುತ್ತೆ."

"ನನ್ನನ್ನ ಏನಂದ್ಕೊಂಡಿದೀಯಾ?" ಎಂದು ಲಿಂಡ್ಸೆ ಮುಖ ಊದಿಸಿಕೊಂಡ. (ಒಂದು ಜಾಕನ್ನು ಆಗಲೇ ಕ್ಯಾರವಾನಿನ ಹಾಸಿಗೆಯಡಿಗೆ ಸೇರಿಸಿದ್ದ. ಕ್ಲ್ಯಾರಿ ಅದನ್ನೂ ಎಳೆದು ತಂದ.) ಆ ಕೋಪದಲ್ಲಿ ಉಪಕಾರವಾಯಿತು ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ.

ಪಿಕಪ್ ಹೊರಟಿತು. ಬೀದಿಯ ತಿರುವಿನಲ್ಲಿ ಗಕ್ಕನೆ ನಿಂತಿತು. ಮನಸ್ಸು ಕರಗಿ ಸಾಮಾನು ಹಿಂದಕ್ಕೆ ಕೊಡುತ್ತಾನೇನೋ ಎಂದು ಲಿಂಡ್ಸೆ ಗೇಟಿನವರೆಗೆ ಓಡಿದ. ಕ್ಲ್ಯಾರಿ ಇಳಿದ. ನೋಯುವ ಮಂಡಿಯನ್ನು ಹಿಡಿದು, ಹಿಂದಿನ ಚಕ್ರದ ಪಕ್ಕ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತ. ಅಳತೆಪಟ್ಟಿ ಎಳೆದು ಹಿಡಿದು, ಕತ್ತು ವಾಲಿಸಿ ಓದಿದ. ತನ್ನ ಪಿಕಪ್ಪಿನ ಖಾಲಿ ಅಳತೆ ಅವನಿಗೆ ಬಾಯಿಪಾಠ. ತುಟಿಯಲ್ಲೇ ಕಳೆದು, ಎದ್ದು, ಈ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ:

"ಇಳಿದಿರೋದು ಇಪ್ಪತ್ತೆರಡು ಮಿಲಿಮೀಟರ್, ಲಿಂಡ್ಸೆ! ಬರೀ ಇಪ್ಪತ್ತೆರಡು!"