ಕಾರು ಗುದ್ದಿದ ಮೇಲೆ

ಕಾರು ಗುದ್ದಿದ ಮೇಲೆ ಏನು ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತು, ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಯವರಿಗೂ ಗೊತ್ತು. ಗಾಡಿ ನಿಲ್ಲಿಸಬೇಕು, ಯಾರಿಗಾದರೂ ಪೆಟ್ಟಾಗಿದೆಯೇ ನೋಡಬೇಕು, ಆಂಬುಲೆನ್ಸಿಗೋ ಪೊಲೀಸರಿಗೋ ಫೋನ್ ಮಾಡಬೇಕು, ಫೋಟೋ ತೆಗೆಯಬೇಕು, ವಿಮಾ ಕಂಪನಿಗೆ ತಿಳಿಸಬೇಕು, ನಷ್ಟ ಅಳೆಯುವ ಅವರ ಸರ್ವೇಯರ್ ಬರುವವರೆಗೆ ಗಾಡಿ ಮುಟ್ಟಬಾರದು. ಆ ಸರ್ವೇಯರ್ ನಾನು. ಹುಬ್ಬಳ್ಳಿಯಲ್ಲಿ ಮನೆ, ಬೈಕಿನ ಮೇಲೆ ಸಂಸಾರ. ಈ ಹಳ್ಳಿಯವರು ಒಂದು ನಿಯಮವನ್ನೂ ಮುರಿಯುವುದಿಲ್ಲ, ಆದರೆ ಪ್ರತಿಯೊಂದಕ್ಕೂ ತಮ್ಮದೊಂದು ಕೈಚಳಕ ಸೇರಿಸುತ್ತಾರೆ.

ನನ್ನ ಕೆಲಸವೆಂದರೆ ಒಂದೇ ಪ್ರಶ್ನೆ: ಹೆಂಗಾತು? ಇದಕ್ಕೆ ಸರಿಯಾದ ಉತ್ತರ ಸಿಗುವವರೆಗೆ ನನಗೆ ಊಟ ಸೇರುವುದಿಲ್ಲ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ, ನಾನು ಕುತೂಹಲ ಎನ್ನುತ್ತೇನೆ. ಕೆಳಗಿನ ಯಾವ ಪ್ರಸಂಗದಲ್ಲೂ ಯಾರಿಗೂ ಗಾಯವಾಗಲಿಲ್ಲ. ಆಗಿದ್ದರೆ ನನಗೆ ನಗುವ ಧೈರ್ಯ ಇರುತ್ತಿರಲಿಲ್ಲ.

ಮುಟ್ಟಬ್ಯಾಡ್ರಿ ಅಂದಿದ್ದೆ

ಕುಬಿಹಾಳದ ಒಬ್ಬ ರೈತರ ಕಾರು ಕಲ್ಲಿನ ಕಂಬಕ್ಕೆ ಗುದ್ದಿತ್ತು. ಫೋನಿನಲ್ಲೇ ಕಟ್ಟುನಿಟ್ಟಾಗಿ ಹೇಳಿದ್ದೆ, ನಾನು ಬರುವವರೆಗೆ ಗಾಡಿ ಹೇಗಿದೆಯೋ ಹಾಗೇ ಇರಲಿ ಎಂದು. ಹೋಗಿ ನೋಡಿದರೆ ಕಾರು ಮಿರಿಮಿರಿ ಮಿಂಚುತ್ತಿದೆ. ತೊಳೆದು, ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಮುಂದೆ ಲಿಂಬೆಹಣ್ಣು ಕಟ್ಟಿ, ಒಡೆದ ಲೈಟಿನ ಜಾಗಕ್ಕೆ ಚೆಂಡು ಹೂವು ತುರುಕಿದ್ದಾರೆ. ಕಂಬದ ಸುಣ್ಣ ಎಲ್ಲಿ ಹತ್ತಿತ್ತು, ಬಣ್ಣ ಎಲ್ಲಿ ಕೆತ್ತಿತ್ತು, ಒಂದೂ ಗುರುತಿಲ್ಲ.

ಯಾಕೆ ತೊಳೆದಿರಿ ಎಂದು ಕೇಳಿದೆ. ಮನೆಗೆ ಸಾಹೇಬರು ಬರುವಾಗ ಹೊಲಸು ಗಾಡಿ ತೋರಿಸುವುದು ಹೇಗೆ ಎಂದು ಮನೆಯ ಹಿರಿಯ ಹೆಂಗಸು ನನಗೇ ತಿರುಗಿ ಕೇಳಿದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ನನ್ನಿಂದ ಆಗಲಿಲ್ಲ. ಪುಣ್ಯಕ್ಕೆ ರೈತರ ಮಗ ತೊಳೆಯುವ ಮೊದಲೇ ಫೋಟೋ ತೆಗೆದಿದ್ದ. ಅದನ್ನು ಹಿಡಿದು ಒಂದೊಂದೇ ತಾಳೆ ನೋಡುತ್ತ ಹೋದೆ. ಎಲ್ಲ ಕೂಡಿತು, ಬಾನೆಟ್ಟಿನ ನಡುವಿನ ಒಂದು ತೆಗ್ಗು ಮಾತ್ರ ಫೋಟೋದಲ್ಲಿ ಇರಲಿಲ್ಲ. ಕಂಬ ಬಡಿದದ್ದು ಎಡಕ್ಕೆ, ಇದು ನಡುವೆ, ಅದೂ ಗುಂಡಗೆ. ಬಹಳ ಹೊತ್ತು ಅದರ ಸುತ್ತ ತಿರುಗಿದೆ.

ಕೊನೆಗೆ ರೈತರಿಗೇ ನನ್ನ ಮೇಲೆ ಕರುಣೆ ಬಂತು. "ಅದು ಗಾಡಿ ದೃಷ್ಟಿ ತಗದು ಕಾಯಿ ಒಡಿಯೋಮುಂದ ಆಗಿದ್ದರಿ. ಕಾಯಿ ಭಾಳ ಗಟ್ಟಿ ಇತ್ತು. ಅದನ್ನೂ ಒಂದ ಬರಕೊಂಡ ಬಿಡ್ರಿ."

ಮುಖ ಯಾವ ಕಡೆ

ಶಲವಡಿಯ ಹತ್ತಿರ ಮಳೆಗಾಲದಲ್ಲಿ ಒಂದು ಕಾರು ರಸ್ತೆಯಿಂದ ಜಾರಿ ಎರೆಹೊಲಕ್ಕೆ ಇಳಿದಿತ್ತು. ಮಳೆಗೆ ನೆನೆದ ಕಪ್ಪು ಎರೆಮಣ್ಣು ಒಮ್ಮೆ ಗಾಲಿ ಹಿಡಿಯಿತೆಂದರೆ ಬಿಡುವುದಿಲ್ಲ. ನಾನು ಹೋದಾಗ ಕಾರು ಬಾಗಿಲ ಮಟ್ಟಕ್ಕೆ ಹುಗಿದಿತ್ತು. ಸುತ್ತ ಇಪ್ಪತ್ತು ಮಂದಿ ಮೊಣಕಾಲತನಕ ರಾಡಿ ಮಾಡಿಕೊಂಡು, ಹಬ್ಬ ಮುಗಿಸಿದವರ ಹಾಗೆ ನಿಂತಿದ್ದರು.

ನನಗೆ ಒಂದು ವಿಷಯ ತಿಳಿಯಲಿಲ್ಲ. ಹಿಂದೆ ಟ್ರ್ಯಾಕ್ಟರಿನ ಗಾಲಿ ಗುರುತು ರಸ್ತೆಯ ಕಡೆಗೂ ಇದೆ, ಹೊಲದ ಕಡೆಗೂ ಇದೆ. ವಿಚಾರಿಸಿದಾಗ ಕತೆ ಹೊರಬಿತ್ತು. ಬೆಳಗ್ಗೆಯೇ ಟ್ರ್ಯಾಕ್ಟರ್ ಕಟ್ಟಿ ಕಾರನ್ನು ಎಳೆದು ರಸ್ತೆಗೆ ಹಾಕಿದ್ದರಂತೆ. ಆಮೇಲೆ ಯಾರೋ ತಿಳಿದವರು ಬಂದು, ಸರ್ವೇಯರ್ ನೋಡುವ ಮೊದಲು ಗಾಡಿ ಜಾಗ ಬಿಟ್ಟು ಕದಲಬಾರದು ಎಂದರಂತೆ. ಎಲ್ಲರೂ ಗಾಬರಿಯಾಗಿ, ನಾನು ಬರುವುದರೊಳಗೆ ಅದೇ ಟ್ರ್ಯಾಕ್ಟರಿನಿಂದ ಅದೇ ಕಾರನ್ನು ಅದೇ ಹೊಲಕ್ಕೆ ಮತ್ತೆ ದಬ್ಬಿದ್ದರು. ಎರಡನೆಯ ಸಲ ಅದು ಮೊದಲಿಗಿಂತ ಚೆನ್ನಾಗಿ ಹುಗಿದಿತ್ತು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಯಮಕ್ಕೆ ಇಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಕೇಳಲೇಬೇಕಾಗಿತ್ತು, ಮೊದಲು ಬಿದ್ದಾಗ ಗಾಡಿಯ ಮುಖ ಯಾವ ಕಡೆ ಇತ್ತು ಎಂದು. ಅರ್ಧ ಮಂದಿ ಅಣ್ಣಿಗೇರಿ ಕಡೆ ಎಂದರು, ಅರ್ಧ ಮಂದಿ ನವಲಗುಂದ ಕಡೆ ಎಂದರು. ಜಗಳ ಜೋರಾಗುವುದರಲ್ಲಿತ್ತು. ಟ್ರ್ಯಾಕ್ಟರಿನವ ಎಂಜಿನ್ ಚಾಲೂ ಮಾಡಿ ನನ್ನನ್ನೇ ಕೇಳಿದ, "ನಿಮಗ ಯಾವ ಕಡೆ ಬೇಕ ಹೇಳ್ರಿ ಸಾಹೇಬ್ರ, ಆ ಕಡೆ ತಿರುವಿ ಇಡ್ತೀವಿ."

ಸಾಕ್ಷಿ

ಯಮನೂರಿನ ದಾರಿಯಲ್ಲಿ ಒಂದು ಜೀಪಿಗೂ ಕಾರಿಗೂ ತಿಕ್ಕಾಟ. ಕಂಡವರು ಯಾರಾದರೂ ಇದ್ದಾರೆಯೇ ಎಂದು ಚಹಾದಂಗಡಿಯಲ್ಲಿ ಕೇಳಿದೆ. ಎಲ್ಲರೂ ನೆಲ ನೋಡಿದರು. ಒಬ್ಬರು ಎದ್ದು ಹೋಗಿ ರುಮಾಲು ಸುತ್ತಿದ ಅಜ್ಜರೊಬ್ಬರನ್ನು ಕರೆದುಕೊಂಡು ಬಂದರು.

ಅಜ್ಜರು ಹೇಳಲು ಶುರು ಮಾಡಿದರು ನೋಡಿ, ಬರೆದುಕೊಳ್ಳುತ್ತಿದ್ದ ನನ್ನ ಕೈಗೆ ಪುರಸತ್ತಿಲ್ಲ. ಜೀಪು ಎಲ್ಲಿಂದ ಬಂತು, ಕಾರು ಎಷ್ಟು ಜೋರಿತ್ತು, ಬ್ರೇಕಿನ ಸಪ್ಪಳ ಹೇಗಿತ್ತು, ಆಮೇಲೆ ಚಾಲಕನ ಮುಖ ಯಾವ ಬಣ್ಣಕ್ಕೆ ತಿರುಗಿತು, ಎಲ್ಲ ಕ್ರಮವಾಗಿ ಬಂತು. ಇಂಥ ಸಾಕ್ಷಿ ಸಿಕ್ಕಿದ್ದಕ್ಕೆ ನನಗೆ ಸಂತೋಷವೋ ಸಂತೋಷ. ಕೊನೆಗೆ ರೂಢಿಯಂತೆ, ಆಗ ನೀವು ಎಲ್ಲಿ ನಿಂತಿದ್ದಿರಿ ಎಂದು ಕೇಳಿದೆ.

"ನಾ ಅವತ್ತ ಮಗಳ ಊರಿಗೆ ಹೋಗಿದ್ದೆರಿ," ಎಂದರು ಅಜ್ಜರು. "ಇಲ್ಲಿದ್ದವರಿಗೆ ನೆಟ್ಟಗ ಹೇಳಾಕ ಬರೂದಿಲ್ಲಂತ ನನ್ನ ಕರಿಸ್ಯಾರ."

ತಿರುವಿನ ಮೇಲಿನ ಬೀಗರು

ಇದು ನವಲಗುಂದ ಕಡೆಯ ಒಂದು ಹಳ್ಳಿಯದು. ಇಂದಿಗೂ ನೆನೆದರೆ ನನಗೆ ಖುಷಿಯಾಗುತ್ತದೆ.

ಊರ ಹೊರಗೆ ಒಂದು ತಿರುವು. ಆಚೀಚೆ ಆಳೆತ್ತರದ ಜೋಳ, ಎದುರಿನವರು ಕಾಣುವುದಿಲ್ಲ. ಒಂದು ಕಡೆಯಿಂದ ಹೆಣ್ಣು ನೋಡಲು ಬರುತ್ತಿದ್ದ ಗಂಡಿನವರ ಕಾರು. ಓಡಿಸುತ್ತಿದ್ದವನು ವರನೇ, ಪಕ್ಕದಲ್ಲಿ ಅವನ ಸೋದರಮಾವ. ಇನ್ನೊಂದು ಕಡೆಯಿಂದ, ಬೀಗರಿಗೆ ಹಣ್ಣು ಪೇಡೆ ತರಲು ಅವಸರದಲ್ಲಿ ಹೊರಟ ಹೆಣ್ಣಿನ ತಂದೆಯ ಕಾರು. ಎರಡೂ ತಿರುವಿನಲ್ಲಿ ಮುಖಕ್ಕೆ ಮುಖ ಕೊಟ್ಟವು. ಸಂಬಂಧ ಫೋನಿನಲ್ಲೇ ಕುದುರಿದ್ದರಿಂದ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಂಡಿರಲಿಲ್ಲ.

ಇಳಿದವರೇ ಜಗಳಕ್ಕೆ ನಿಂತರು. ಕಾರು ಬಿಟ್ಟು ಎತ್ತಿನ ಚಕ್ಕಡಿ ಹೊಡೆಯಿರಿ ಎಂದು ಸೋದರಮಾವ ಹೆಣ್ಣಿನ ತಂದೆಗೆ ಬುದ್ಧಿ ಹೇಳಿದರು. ಅವರೂ ಬಿಡಲಿಲ್ಲ, "ನಿಮ್ಮಂಥವರ ಮನಿಗೆ ಯಾರರ ಹೆಣ್ಣ ಕೊಡ್ತಾರೇನು?" ಎಂದುಬಿಟ್ಟರು. ಕೊಡುವವರ ಮನೆಗೇ ಹೊರಟಿದ್ದೇವೆ ಎಂದು ಸೋದರಮಾವ ಎದೆಯುಬ್ಬಿಸಿ, ಯಾರ ಮನೆ ಎಂಬುದನ್ನೂ ಹೇಳಿದರು. ಅದು ಹೆಣ್ಣಿನ ತಂದೆಯದೇ ಮನೆ.

ನಾನು ಬೇರೆ ಕೆಲಸಕ್ಕೆ ನವಲಗುಂದದಲ್ಲೇ ಇದ್ದೆ, ಅದಕ್ಕೇ ಬೇಗ ತಲುಪಿದೆ. ಕಂಪನಿಗೆ ಫೋನ್ ಮಾಡಿದವಳು ಹುಡುಗಿ, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬೀಗರಿಗೆ ತೋರಿಸಲು ಅವಳನ್ನು ಒಳಗೆ ಕೂರಿಸಿದ್ದರಂತೆ, ಸುದ್ದಿ ಬಂದೊಡನೆ ಜರಿಸೀರೆಯಲ್ಲೇ ತಿರುವಿಗೆ ಬಂದು, ಬೇರೆ ಗಾಡಿಯವರಿಗೆ ಕಾಣಲೆಂದು ರಸ್ತೆಗೆ ಗಿಡದ ಟೊಂಗೆ ಅಡ್ಡ ಇಟ್ಟು, ನಾಲ್ಕೂ ಕಡೆಯಿಂದ ಫೋಟೋ ತೆಗೆದಿದ್ದಳು. ಗಾಡಿ ತೊಳೆಯಲು ಬಿಟ್ಟಿರಲಿಲ್ಲ. ಇಂಥದ್ದನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ, ನನಗೆ ಕಣ್ಣು ತುಂಬಿ ಬಂತು.

ಹೆಣ್ಣಿನ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ನನ್ನ ಪ್ರಶ್ನೆ ಕೇಳಿದೆ. ಹೆಂಗಾತು? ತಪ್ಪು ನನ್ನದು ಎಂದರು ಹೆಣ್ಣಿನ ತಂದೆ. ಛೇ ಛೇ, ತಪ್ಪು ಪೂರಾ ನಮ್ಮದು ಎಂದರು ಸೋದರಮಾವ. ಮತ್ತೆ ಜಗಳ ಹತ್ತಿತು, ಈಗ ತಪ್ಪನ್ನು ತಮ್ಮ ಕಡೆ ಎಳೆದುಕೊಳ್ಳಲು. ನಾನು ಎಷ್ಟೋ ಅಪಘಾತ ನೋಡಿದ್ದೇನೆ, ತಪ್ಪಿಗೆ ಇಷ್ಟು ಬೇಡಿಕೆ ಬಂದದ್ದನ್ನು ನೋಡಿರಲಿಲ್ಲ.

ಆಮೇಲೆ ಹಿರಿಯರಿಬ್ಬರೂ ಹಿತ್ತಿಲಿಗೆ ಹೋಗಿ ಮಾತಾಡಿಕೊಂಡು ಬಂದು, ಎಮ್ಮೆ ಅಡ್ಡ ಬಂತು, ತಪ್ಪು ಯಾರದೂ ಅಲ್ಲ ಎಂದು ಒಂದೇ ದನಿಯಲ್ಲಿ ಹೇಳಿದರು. ಯಾರ ಎಮ್ಮೆ ಎಂದೆ. ಕಿಟಕಿಯಲ್ಲಿ ಇಣುಕುತ್ತಿದ್ದ ಬಾಜು ಮನೆಯ ಅಕ್ಕ, ಆ ದಾರಿಯಲ್ಲಿ ಎಮ್ಮೆ ಇರುವುದು ತನ್ನದೊಂದೇ, ಅದು ಮುಂಜಾನೆಯಿಂದ ಗೂಟ ಬಿಟ್ಟು ಕದಲಿಲ್ಲ, ಬಡ ಎಮ್ಮೆಯ ಹೆಸರು ಕೆಡಿಸಬೇಡಿ ಎಂದು ಅಲ್ಲಿಂದಲೇ ಹೇಳಿದಳು.

ನಾನು ಬಿಡಿಸಿ ಹೇಳಿದೆ. ಚಾಲಕ ಮೈಮರೆತಿದ್ದರೂ ಗಾಡಿಯ ರಿಪೇರಿಗೆ ವಿಮೆ ಸಾಮಾನ್ಯವಾಗಿ ಸಿಗುತ್ತದೆ, ಸುಳ್ಳು ಹೇಳಿದರೆ ಕಷ್ಟ. ಹೆಣ್ಣಿನ ತಂದೆ ನನ್ನನ್ನು ಬಾಗಿಲಾಚೆ ಕರೆದು ಮೆಲ್ಲಗೆ ಹೇಳಿಕೊಂಡರು. ಮಗಳಿಗೆ ತೋರಿಸಿದ ಯಾವ ಸಂಬಂಧವೂ ಒಪ್ಪಿಗೆಯಾಗಿರಲಿಲ್ಲ, ಇದೊಂದಕ್ಕೆ ಮಾತ್ರ ನೋಡೋಣ ಎಂದಿದ್ದಳು. ಹುಡುಗನ ತಪ್ಪು ಬರೆದರೆ ಗಂಡಿನವರು ಎದ್ದು ಹೋಗುತ್ತಾರೆ, ಕಾರು ಹಾಳಾಗಿ ಹೋಗಲಿ, ಇದು ಮುರಿಯಬಾರದು. ನನಗೆ ಕೆಟ್ಟೆನಿಸಿತು, ಆದರೆ ಎಮ್ಮೆಯ ಮೇಲೆ ತಪ್ಪು ಬರೆಯುವುದು ಹೇಗೆ?

ನಾವಿಬ್ಬರೂ ಒಳಗೆ ಬರುವಷ್ಟರಲ್ಲಿ ಹುಡುಗಿ ಚಹಾ ತಂದಳು. ಅದೇ ಹೆಣ್ಣು ತೋರಿಸುವ ಶಾಸ್ತ್ರ. ಎಲ್ಲರಿಗೂ ಕೊಟ್ಟು, ಹುಡುಗನ ಮುಂದೆ ಕಪ್ಪು ಇಟ್ಟು ಅಲ್ಲೇ ನಿಂತಳು.

"ನಮ್ಮಪ್ಪನ ಗಾಡಿ ಬ್ರೇಕ್ ಹಾಕಿದ ಗುರ್ತು ರಸ್ತಾದ ಮ್ಯಾಲ ಐತಿ. ನಿಮ್ಮ ಗಾಡೀದು ಇಲ್ಲ. ಎಲ್ಲಿ ನೋಡಾಕತ್ತಿದ್ರಿ?"

ಸೋದರಮಾವ ಕೆಮ್ಮಿದರು. ಹುಡುಗನ ಕಿವಿ ಕೆಂಪಾಯಿತು. "ಮೊಬೈಲ್ ನೋಡಾಕತ್ತಿದ್ದೆರಿ," ಎಂದ.

ತಂದೆ ಗೋಡೆಗೆ ಒರಗಿದರು. ಮುಗಿಯಿತು ಎಂದುಕೊಂಡೆ ನಾನೂ.

"ಯಾರ ಫೋನ್ ಬಂದಿತ್ತು?"

"ಫೋನ್ ಬಂದಿದ್ದಿಲ್ರಿ. ನಿಮ್ಮ ಫೋಟೋ ನೋಡಾಕತ್ತಿದ್ದೆ."

ಎಲ್ಲರೂ ಹುಡುಗಿಯ ಮುಖ ನೋಡಿದರೆ, ಹುಡುಗಿ ನನ್ನ ಪೆನ್ನು ನೋಡಿದಳು.

"ಅವರು ಹೇಳಿದಂಗ ಬರಕೊಳ್ರಿ ಸರ," ಎಂದು ನನಗೆ ಹೇಳಿ, ತಂದೆಯ ಕಡೆ ತಿರುಗಿದಳು. "ಅಪ್ಪಾ, ನನಗ ಒಪ್ಪಿಗಿ ಐತಿ. ಆದ್ರ ಮದುವಿ ಆದಮ್ಯಾಲ ಗಾಡಿ ನಾನ ಹೊಡೀತೀನಿ."